ಹೆಸರಿಲ್ಲದ ತೊಪ್ಪಲು

ಪಾರಮ್ಮನಷ್ಟು ಅಂಜುವ ಹೆಂಗಸು ಯಲಬುರ್ಗಾ ಸೀಮೆಯಲ್ಲಿ ಇನ್ನೊಬ್ಬಳು ಇರಲಿಲ್ಲ. ಗುಡುಗಿಗೆ ಅಂಜುವವರು ಇರುತ್ತಾರೆ, ಹಾವಿಗೆ ಅಂಜುವವರೂ ಇರುತ್ತಾರೆ. ಪಾರಮ್ಮ ಇವೆರಡಕ್ಕೂ ಅಂಜಿದ್ದು ಸಾಲದೆ ಬಾವಿಯ ಆಳಕ್ಕೆ, ಕಂದಾಯ ಕೇಳಲು ಬರುವ ಗಿರದಾವರನ ಕುದುರೆಗೆ, ಪರವೂರಿನ ನಾಯಿಗೆ, ಕಡೆಗೆ ಗಂಡ ಗೋಣೆಪ್ಪನ ಸೀನಿಗೂ ಅಂಜುತ್ತಿದ್ದಳು. ಗೋಣೆಪ್ಪ ಕುರಿ ಕಾಯುವವ, ಮಾತು ಕಡಿಮೆ. ಸೀನು ಬಂದರೆ ಪಾಪ ಅಂಗಳಕ್ಕೆ ಹೋಗಿ ಸೀನಿ ಬರುತ್ತಿದ್ದ.

ಇಂಥ ಅಂಜುಬುರುಕಿಯ ಕೈಯಿಂದ ಮದ್ದಿನ ಸೊಪ್ಪು, ಆ ಕಡೆಯ ಮಾತಿನಲ್ಲಿ ತೊಪ್ಪಲು, ಇಸಿದುಕೊಂಡು ಸುತ್ತಲಿನ ಏಳೆಂಟು ಊರಿನ ತಾಯಂದಿರು ತಮ್ಮ ಎಳೆಕೂಸಿನ ನಾಲಿಗೆಗೆ ಹಚ್ಚುತ್ತಿದ್ದರು. ಕೂಸಿಗೆ ಕೆಮ್ಮು ಕಟ್ಟಿತೆಂದರೆ, ಹೊಟ್ಟೆ ಉಬ್ಬಿತೆಂದರೆ ಪಾರಮ್ಮನಿಗೇ ಹೇಳಿ ಕಳಿಸುತ್ತಿದ್ದರು. ಯಾಕೆಂದು ಕೇಳಿದರೆ ಅವರ ಉತ್ತರ ಒಂದೇ. ಧೈರ್ಯವಂತೆಯಾದರೆ ಒಂದು ಸಲ ನೋಡಿ ಕಿತ್ತಾಳು, ಪಾರಮ್ಮ ಅಂಜಿ ಅಂಜಿ ಮೂರು ಸಲ ನೋಡುತ್ತಾಳೆ. ಕಿತ್ತ ಮೇಲೂ ಅವಳಿಗೆ ಸಮಾಧಾನವಿರಲಿಲ್ಲ. ಕಳಿಸಿದ ತೊಪ್ಪಲನ್ನು ಹೇಳಿ ಕಳಿಸಿ ವಾಪಸು ತರಿಸಿ, ಇನ್ನೊಮ್ಮೆ ನೋಡಿ, ಸರಿಯಾಗಿದೆಯೆಂದು ಮತ್ತೆ ಕಳಿಸಿದ್ದು ಮೂರು ಸಲ ನಡೆದಿತ್ತು. ಜನ ನಕ್ಕಿದ್ದರು. ಆ ನಗುವೇ ಮುಂದೆ ಅವಳಿಗೆ ಮುಳುವಾಯಿತು.

ಅವಳ ತವರು ಕುಷ್ಟಗಿ ಕಡೆಯ ದೋಟಿಹಾಳ. ಒಂಬತ್ತು ವರ್ಷದವಳಿದ್ದಾಗ ಅವ್ವ ಅವಳನ್ನು ನೇಕಾರರ ಮನೆಯೊಂದರಲ್ಲಿ ನೂಲಿನ ಕಂಡಿಕೆ ಸುತ್ತಲು ಬಿಟ್ಟಿದ್ದಳು. ಬೆಳಗಿನಿಂದ ಸಂಜೆಯವರೆಗೆ ರಾಟಿ ತಿರುಗಿಸುತ್ತ, ಮಗ್ಗದ ಮೇಲೆ ಸೀರೆಯ ಸೆರಗು ಬೆಳೆಯುವುದನ್ನು ನೋಡುತ್ತ ಕೂಡುತ್ತಿದ್ದಳು. ಸೆರಗಿನಲ್ಲಿ ಬಾಚಣಿಗೆಯಂತೆ ಹಲ್ಲು ಹಲ್ಲಾಗಿ ಇಳಿದದ್ದು ಹಣಿಗಿ. ಜೋಳದ ತೆನೆಯಂತೆ ಚೂಪಾಗಿ ಏರಿದ್ದು ತೋಪು ತೆನಿ. ಕೊಪ್ಪಳದ ಕೋಟೆಯ ಗೋಡೆಯ ಮೇಲಿನ ದುಂಡು ತಲೆಗಳಂತೆ ಸಾಲಾಗಿ ಕೂತದ್ದು ಕೋಟಿ, ಅಂದರೆ ಕೋಟೆ. ನೇಕಾರರ ಮನೆಯ ಹೆಣ್ಣುಮಗಳು ಅವಳಿಗೆ ಇನ್ನೊಂದು ಕೆಲಸ ಕಲಿಸಿದ್ದಳು. ಕಣ್ಣು ಮುಚ್ಚಿ ಹೆಬ್ಬೆರಳನ್ನು ಬಟ್ಟೆಯ ಅಂಚಿನ ಮೇಲೆ ಎಳೆಯುವುದು. ಮಗ್ಗದಲ್ಲೇ ನೇಯ್ದ ದಡಿ ನುಣ್ಣಗೆ, ತುಸು ದಪ್ಪಗೆ, ತುಂಬಿಕೊಂಡು ಬರುತ್ತದೆ. ಕತ್ತರಿಸಿದ ಅಂಚು ಬರೀ ಎಳೆಯಾಗಿ ಚುಚ್ಚುತ್ತದೆ. ಹೆಬ್ಬೆರಳಿಗೆ ಒಮ್ಮೆ ಇದು ತಿಳಿದರೆ ಮತ್ತೆ ಮರೆಯುವುದಿಲ್ಲ.

ಹದಿನಾರಕ್ಕೆ ಮದುವೆಯಾಗಿ ಯಲಬುರ್ಗಾದಿಂದ ಎರಡು ಹರದಾರಿ ದೂರದ ಊರಿಗೆ ಬಂದಳು. ಅದು ಮೂವತ್ತರ ದಶಕದ ಆರಂಭ. ಅತ್ತೆ ಪಕ್ಕೀರವ್ವ ಆ ಊರಿನ ತೊಪ್ಪಲಿನ ಮುದುಕಿ. ಸೊಸೆಯನ್ನು ಹಳ್ಳದ ದಂಡೆಗೆ ಕರೆದೊಯ್ದು ಒಂದೊಂದೇ ಗಿಡ ತೋರಿಸುತ್ತಿದ್ದಳು. ಮುದುಕಿಗೆ ಗಿಡಗಳ ಗುರುತು ಅವುಗಳ ವಾಸನೆಯಿಂದ. ಸೊಸೆಗೆ ಅದು ಒಗ್ಗಲಿಲ್ಲ. ಅವಳು ಎಲೆಯ ಅಂಚು ನೋಡಿದಳು, ಹೆಬ್ಬೆರಳು ಎಳೆದಳು, ಒಂದು ವಾರದಲ್ಲಿ ಇಡೀ ದಂಡೆ ಅವಳಿಗೆ ಸೆರಗಿನಂತೆ ಕಾಣತೊಡಗಿತು. ಇದು ಹಣಿಗಿ ತೊಪ್ಪಲು, ಇದು ತೆನಿ ತೊಪ್ಪಲು. ಕೂಸುಗಳ ಕೆಮ್ಮಿಗೆ ಕೊಡುವ, ಅಂಚು ದುಂಡು ದುಂಡಾಗಿ ತಿರುಗಿದ ಎಲೆ ಕೋಟೆ ತೊಪ್ಪಲು. ಪಕ್ಕೀರವ್ವ ಮೊದಲು ನಕ್ಕಳು, ಆಮೇಲೆ ತಾನೂ ಅದೇ ಹೆಸರು ಹೇಳತೊಡಗಿದಳು.

ಒಂದು ಗಿಡಕ್ಕೆ ಮಾತ್ರ ಮುದುಕಿ ಹೆಸರು ಹೇಳಲಿಲ್ಲ. ಕೈಯಿಂದಲೂ ತೋರಿಸಲಿಲ್ಲ, ಕಾಲಿನ ಹೆಬ್ಬೆರಳಿನಿಂದ ತೋರಿಸಿದಳು. ನೋಡಲು ಅದು ಕೋಟೆ ತೊಪ್ಪಲೇ. ಅದೇ ಬೂದು ಹಸಿರು, ಅದೇ ಬಿಳಿ ನರ, ಅದೇ ದಪ್ಪ. ಅಂಚು ಮಾತ್ರ ನೇರ, ದುಂಡುಗಳಿಲ್ಲ.

"ಇದನ್ನ ತಿಂದ ಕೂಸು ಅಳಂಗಿಲ್ಲ, ಕಾರಂಗಿಲ್ಲ. ಸುಮ್ನ ಮಕ್ಕೊಂತೈತಿ. ಮತ್ತ ಏಳಂಗಿಲ್ಲ," ಎಂದಳು ಪಕ್ಕೀರವ್ವ.

"ಇದರ ಹೆಸರೇನ್ರಿ ಅತ್ತಿ?"

"ಹೆಸರಿಲ್ಲ. ಹಿರ್‍ಯಾರು ಇಟ್ಟಿಲ್ಲ. ಹೆಸರಿಟ್ಟರ ಹುಡುಗರು ಹುಡುಕ್ಕೊಂತ ಬರ್ತಾವ. ಮನ್ಯಾಗ ಬ್ಯಾಸತ್ತ ಸೊಸಿ ಹುಡುಕ್ಕೊಂತ ಬರ್ತಾಳ. ಹೆಸರ ಇಲ್ಲಂದ್ರ ಯಾರು ಏನಂತ ಕೇಳ್ಬೇಕು?"

ಮಾತು ಸರಿಯಾಗಿಯೇ ಇತ್ತು. ಸುತ್ತಲಿನ ಎಲ್ಲ ಊರಿನಲ್ಲೂ ಇದೇ ಪದ್ಧತಿ. ತೊಪ್ಪಲು ಕೀಳುವ ನಾಲ್ಕಾರು ಹೆಂಗಸರಿಗೆ ಬಿಟ್ಟರೆ ಆ ಗಿಡ ಇರುವುದೇ ಯಾರಿಗೂ ಗೊತ್ತಿರಲಿಲ್ಲ. ಪಕ್ಕೀರವ್ವ ತೀರಿಕೊಂಡ ಮೇಲೆ ಆ ಊರಿನಲ್ಲಿ ಅದನ್ನು ಬಲ್ಲವಳು ಪಾರಮ್ಮ ಒಬ್ಬಳೇ ಉಳಿದಳು. ಆ ಅಂಜಿಕೆಯನ್ನು ಹೊತ್ತುಕೊಂಡೇ ಹನ್ನೆರಡು ವರ್ಷ ತೊಪ್ಪಲು ಕಿತ್ತಳು. ಒಂದು ಎಲೆಯೂ ಸುಳ್ಳಾಗಲಿಲ್ಲ.

ಸಾವಿರದ ಒಂಬೈನೂರ ನಲವತ್ತನಾಲ್ಕರ ಮುಂಗಾರು. ಯುದ್ಧದ ಕಾಲವಾದ್ದರಿಂದ ಪೇಟೆಯಲ್ಲಿ ಔಷಧಿ ಸಿಗುತ್ತಿರಲಿಲ್ಲ. ಯಲಬುರ್ಗಾದ ದೊಡ್ಡ ಸಾಹುಕಾರರ ಮನೆಗೆ ಮಗಳು ಕಳಕಮ್ಮ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹೆಣ್ಣು ಕೂಸು, ಹುಟ್ಟಿ ತಿಂಗಳಾಗಿರಲಿಲ್ಲ. ಅದಕ್ಕೆ ಕೆಮ್ಮು ಕಟ್ಟಿತು. ಸಾಹುಕಾರರ ಹೆಂಡತಿ ಮುದುಕಮ್ಮ ಪಾರಮ್ಮನಿಂದ ಕೋಟೆ ತೊಪ್ಪಲು ತರಿಸಿ, ತಾಯಿಯ ಹಾಲಿನಲ್ಲಿ ತೇಯ್ದು ನೆಕ್ಕಿಸಿದರು. ಈ ತೇಯ್ದ ಔಷಧಿಗೆ ಗುಟ್ಟಿ ಎನ್ನುತ್ತಾರೆ. ಎರಡು ದಿನದಲ್ಲಿ ಕೆಮ್ಮು ಸಡಿಲಾಯಿತು. ಮುದುಕಮ್ಮ ಖುಷಿಯಾಗಿ ಒಂದು ಹೊಸ ಖಣ ಕಳಿಸಿದರು. ಅದರ ಜೊತೆ ಒಂದು ಮಾತನ್ನೂ ಕಳಿಸಿದರು: "ಪಾರಮ್ಮನ ಕೈ ಸುಳ್ಳಾಗಂಗಿಲ್ಲ."

ಖಣವನ್ನೂ ಮಾತನ್ನೂ ತಂದವಳು ನೆರೆಮನೆಯ ಕಾಸೀಮಬೀ. ಬಳೆ ಮಾರುವವಳು, ಪ್ರತಿ ಸಂತೆಗೆ ಯಲಬುರ್ಗಾಕ್ಕೆ ಹೋಗುವವಳು. ಪಾರಮ್ಮ ಆ ಖಣದಿಂದ ಕುಬಸ ಹೊಲಿಸಿಕೊಂಡಳು. ಮುಂದಿನ ಸಂತೆಯ ದಿನ ಬೆಳಿಗ್ಗೆ ಅದನ್ನು ತೊಟ್ಟುಕೊಂಡೇ ಹಳ್ಳಕ್ಕೆ ಹೋದಳು. ಮುದುಕಮ್ಮ ಇನ್ನೊಂದು ಸಲಕ್ಕಾಗುವಷ್ಟು ತೊಪ್ಪಲು ಕೇಳಿ ಕಳಿಸಿದ್ದರು. ಹುಟ್ಟಿದ ಮೇಲೆ ಅವಳಿಗೆ ಅಂಜಿಕೆಯಾಗದ ಬೆಳಗು ಅದೊಂದೇ ಇರಬೇಕು. ಮೈಮೇಲೆ ಹೊಸ ಕುಬಸ, ಕಿವಿಯಲ್ಲಿ ಹೊಗಳಿಕೆ. ದಂಡೆಯ ಮೇಲೆ ಕಾಸೀಮಬೀ ಬಳೆಯ ಬುಟ್ಟಿ ಹೊತ್ತು ನಿಂತು ಕೂಗುತ್ತಿದ್ದಳು.

"ಪಾರಮ್ಮಾ, ಬಿಸಲ ಏರಾಕತ್ತೈತಿ! ಕೂಸಿಗೆ ನೀರ ಎರದ ಕೂಡ್ಲೆ ಗುಟ್ಟಿ ಹಾಕ್ತಾರಂತ. ಬಿಸಲ ನೆತ್ತಿಗೆ ಬರೂದ್ರಾಗ ನಾ ಮುಟ್ಟಿಸ್ಬೇಕು. ಲಗೂನ ಕೊಡ!"

ಎಲೆಯ ಅಂಚಿನಲ್ಲಿ ದುಂಡು ದುಂಡು ಕಂಡಿತು. ಕಿತ್ತಳು. ಹೆಬ್ಬೆರಳು ಎಳೆಯಲಿಲ್ಲ. ಒಂದು ಹಿಡಿ ತೊಪ್ಪಲನ್ನು ಎಲೆಯಲ್ಲಿ ಸುತ್ತಿ ಕೊಟ್ಟಳು. ಕಾಸೀಮಬೀ ಹೋದಳು.

ಮನೆಗೆ ಬಂದು ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ಕೂತಳು. ಎರಡು ರೊಟ್ಟಿಯಾಗಿತ್ತು. ಮೂರನೆಯದನ್ನು ಹಂಚಿನ ಮೇಲೆ ಹಾಕಿ ಕೈ ಒರೆಸಿಕೊಳ್ಳಲು ಉಡಿಯ ಸೆರಗು ಎಳೆದಾಗ ಒಂದು ಎಲೆ ಉದುರಿತು. ಎತ್ತಿಕೊಂಡಳು. ಹೆಬ್ಬೆರಳು ತನ್ನ ಪಾಡಿಗೆ ತಾನು ಅಂಚಿನ ಮೇಲೆ ಹೋಯಿತು, ಹೋದದ್ದು ನಿಂತಿತು. ದಡಿ ಇರಲಿಲ್ಲ. ಕತ್ತರಿಸಿದ ಬಟ್ಟೆಯಂತೆ ಅಂಚು ಒರಟಾಗಿ ಚುಚ್ಚಿತು.

ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ದುಂಡುಗಳ ಬುಡದಲ್ಲಿ ಸಣ್ಣಗೆ ಕಂದು ಗೆರೆ. ಎಲೆ ಹಾಗೆ ಹುಟ್ಟಿದ್ದಲ್ಲ, ಯಾವುದೋ ಹುಳ ಅದನ್ನು ಅರ್ಧಚಂದ್ರ ಅರ್ಧಚಂದ್ರವಾಗಿ ಕಡಿದಿತ್ತು. ಅಂಚು ನೇರ ಇದ್ದ ಎಲೆಯನ್ನು ಹುಳ ತಿಂದು ಕೋಟೆ ತೊಪ್ಪಲು ಮಾಡಿತ್ತು.

ಪಾರಮ್ಮ ಹಳ್ಳಕ್ಕೆ ಓಡಿದಳು. ಬೆಳಿಗ್ಗೆ ತಾನು ಕೂತಿದ್ದ ಜಾಗದಲ್ಲಿ ಎರಡೂ ಗಿಡ ಒಂದರೊಳಗೊಂದು ಹೆಣೆದುಕೊಂಡು ಬೆಳೆದಿದ್ದವು. ಕರಿಚುಕ್ಕೆಯ ಸಣ್ಣ ಹುಳಗಳು ಹೆಸರಿಲ್ಲದ ಗಿಡದ ಎಲೆಗಳನ್ನು ಇನ್ನೂ ಕಡಿಯುತ್ತಲೇ ಇದ್ದವು. ಎರಡೂ ಗಿಡದ ತುದಿ ಚಿವುಟಿ ಹೋಗಿತ್ತು. ಆ ಹಿಡಿಯಲ್ಲಿ ಎಷ್ಟು ಎಲೆ ಯಾವುದು ಎಂದು ದೇವರೇ ಹೇಳಬೇಕಿತ್ತು. ತಲೆ ಎತ್ತಿ ಹೊತ್ತು ನೋಡಿದಳು. ಸೂರ್ಯ ನೆತ್ತಿಗೆ ಬರಲು ಹೆಚ್ಚು ಹೊತ್ತಿರಲಿಲ್ಲ. ಗೋಣೆಪ್ಪ ಕುರಿ ಹೊಡೆದುಕೊಂಡು ಎಲ್ಲಿಯೋ ಇದ್ದ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಓಣಿಗೆಲ್ಲ ಬಂದಿತ್ತು. ಅವಳು ಮನೆಯತ್ತ ತಿರುಗಿಯೂ ನೋಡದೆ ಯಲಬುರ್ಗಾದ ದಾರಿ ಹಿಡಿದಳು.

ಮಳೆಯಾದ ಎರೆಭೂಮಿಯಲ್ಲಿ ಓಡುವುದೆಂದರೇನು ಎಂದು ಓಡಿದವರಿಗೇ ಗೊತ್ತು. ಕಾಲಿಗೆ ಮಣ್ಣು ಮೆತ್ತಿ ಮೆತ್ತಿ ಹೆಜ್ಜೆಗೊಂದು ಕಲ್ಲು ಕಟ್ಟಿದ ಹಾಗಾಗುತ್ತದೆ. ಪಾರಮ್ಮ ನಿಂತು ಮಣ್ಣು ಕೆರೆಯಲಿಲ್ಲ. ನಾಯಿ ಬೊಗಳಿದರೂ ಕೇಳಲಿಲ್ಲ. ಬಾಯಲ್ಲಿ ಒಂದೇ ಮಾತು, "ನಮ್ಮವ್ವಾ, ಹಾಕಿರಬ್ಯಾಡ, ಹಾಕಿರಬ್ಯಾಡ." ಮೊದಲ ಹರದಾರಿ ಮುಗಿಯುವ ಹೊತ್ತಿಗೆ ಹಿಂದಿನಿಂದ ಸೈಕಲ್ಲಿನ ಗಂಟೆ ಕೇಳಿತು. ಟಪಾಲಿನ ಗಾಳೆಪ್ಪ, ಗಟ್ಟಿ ದಾರಿಗೆ ಹತ್ತಿ ಯಲಬುರ್ಗಾಕ್ಕೆ ಹೊರಟಿದ್ದ.

"ಅಣ್ಣಾ, ಸಾವಕಾರ್‍ರ ಮನಿಗೆ ಹೋಗಿ ಹೇಳು! ಆ ತೊಪ್ಪಲ ಕೂಸಿಗೆ ಹಾಕಬ್ಯಾಡ್ರಿ ಅನ್ನು. ಅದರಾಗ ವಿಷ ಐತಿ!"

ಗಾಳೆಪ್ಪ ಒಂದು ಕಾಲು ನೆಲಕ್ಕೂರಿ ನಕ್ಕ. ವಾಪಸು ತರಿಸಿದ ಆ ಮೂರು ಸಲದಲ್ಲಿ ಎರಡು ಸಲ ಸುದ್ದಿ ಹೊತ್ತವನು ಅವನೇ.

"ಹ್ವಾದ ವರ್ಷನೂ ಹಿಂಗ ಅಂದಿದ್ದಿ. ಆ ಗೌಡ್ರ ಮನ್ಯಾಗ ನಾ ಬೈಸಿಕೊಂಡು ಬಂದೆ. ಯಾವ ವಿಷ? ಹೆಸರ ಹೇಳು, ಹಂಗ ಹೋಗಿ ಹೇಳ್ತೀನಿ."

ಪಾರಮ್ಮ ಬಾಯಿ ತೆರೆದಳು. "ಅದು… ಕೋಟಿ ತೊಪ್ಪಲದಂಗ ಇರತೈತಿ. ಅಲ್ಲ ಅದು. ಹಳ್ಳದಾಗ… ಅಂಚು ನೆಟ್ಟಗ…"

"ಮದಗುಣಕಿ ಏನು?"

"ಅಲ್ಲ."

"ಎಕ್ಕಿ ಏನು?"

"ಅಲ್ಲೋ ಅಣ್ಣ. ಹೆಸರಿಲ್ಲ ಅದಕ್ಕ."

"ಹೆಸರಿಲ್ಲದ ವಿಷ!" ಗಾಳೆಪ್ಪ ಪೆಡಲ್ ತುಳಿದ. "ಆತು ಬಿಡು, ಹೇಳ್ತೀನಿ. ನೀ ಓಡಬ್ಯಾಡ, ಬಿದ್ದೀಯ."

ಹೇಳಿದ್ದನ್ನು ಅವನು ಮಾಡಿದ, ಅವನ ಮೇಲೆ ಸುಳ್ಳು ಹೊರಿಸಬಾರದು. ಸಾಹುಕಾರರ ಮನೆಯ ಬಾಗಿಲಲ್ಲಿ ಸೈಕಲ್ ಮೇಲೆಯೇ ಕೂತು, "ಅಮ್ಮಾರ, ಪಾರಮ್ಮ ಮತ್ತ ಅಂಜ್ಯಾಳ ನೋಡ್ರಿ, ತೊಪ್ಪಲದಾಗ ವಿಷ ಐತಂತ, ಅದಕ್ಕ ಹೆಸರ ಇಲ್ಲಂತ," ಎಂದು ನಗುತ್ತ ಕೂಗಿದ. ಮುದುಕಮ್ಮನೂ ಒಳಗಿನಿಂದಲೇ ನಕ್ಕರು. ಸುದ್ದಿ ಮುಟ್ಟಿತು, ಕೂಸಿಗೆ ಎರೆಯುವ ನೀರು ಕಾಯುತ್ತಲೇ ಇತ್ತು.

ಪಾರಮ್ಮ ಆ ಮನೆಯ ಅಂಗಳಕ್ಕೆ ಬಂದಾಗ ಮೊಣಕಾಲ ತನಕ ಕರಿಮಣ್ಣು, ಉಸಿರು ಮೇಲೆ ಕೆಳಗೆ. ಬಾಣಂತಿ ಕೋಣೆಯ ಒಳಗಿನಿಂದ ಸಾಣೇಕಲ್ಲಿನ ಮೇಲೆ ತೇಯುವ ಸಪ್ಪಳ ಬರುತ್ತಿತ್ತು. ಸರ್, ಸರ್, ಸರ್.

"ಅಮ್ಮಾರ… ತೊಪ್ಪಲ…"

"ಯಾರು, ಪಾರೀ ಏನು?" ಮುದುಕಮ್ಮನ ದನಿ. "ಗಾಳೆಪ್ಪ ಹೇಳಿದ ಬಿಡು, ನಿನ್ನ ಅಂಜಿಕಿ. ಬಿಸಲಾಗಿಂದ ಬಂದಾಕಿ ಹಂಗ ಒಳಗ ಬರಬ್ಯಾಡ, ಕೂಸಿಗೆ ಸೋಂಕು ತಾಗತೈತಿ. ಕಾಲ ತೊಳಕೊಂಡು ನೆರಳಾಗ ಒಂದೀಟು ಕೂಡು. ಆಮ್ಯಾಲೆ ಮಾತಾಡೂಣು."

ಪಾರಮ್ಮ ಕೂತಳು.

ಇದನ್ನು ಕೇಳಿದವರಿಗೆಲ್ಲ ಸಿಟ್ಟು ಬರುತ್ತದೆ. ಬರಲಿ. ಎರಡು ಹರದಾರಿ ಓಡಿ ಬಂದವಳು ಹತ್ತು ಹೆಜ್ಜೆ ಉಳಿದಾಗ ಕೂತಳೆಂದರೆ ಯಾರಿಗೆ ಬಾರದು? ಆದರೆ ಹುಟ್ಟಿದಾಗಿನಿಂದ ದೊಡ್ಡ ಮನೆಯವರು ಕೂಡು ಎಂದರೆ ಕೂತ, ಏಳು ಎಂದರೆ ಎದ್ದ ಹೆಣ್ಣು ಅದು. ಆ ಮನೆಯ ಹೊಸ್ತಿಲನ್ನು ಅವಳಾಗಲಿ ಅವಳ ಜಾತಿಯವರಾಗಲಿ ಒಮ್ಮೆಯೂ ದಾಟಿರಲಿಲ್ಲ. ಕೂಸು ಸಾಯುತ್ತದೆಂಬ ಅಂಜಿಕೆ ಒಂದು ಕಡೆ, ಹೊಸ್ತಿಲಿನ ಅಂಜಿಕೆ ಒಂದು ಕಡೆ. ಎರಡರ ನಡುವೆ ಅವಳು ಕಾಲಿಗೆ ನೀರು ಹಾಕಿಕೊಳ್ಳುತ್ತ ಕೂತಳು. ಆ ಎರಡು ತಂಬಿಗೆ ನೀರನ್ನು ಅವಳು ಸಾಯುವತನಕ ತನಗೆ ಕ್ಷಮಿಸಿಕೊಳ್ಳಲಿಲ್ಲ.

ಸರ್, ಸರ್ ಎನ್ನುವ ಸಪ್ಪಳ ನಿಂತಿತು.

ತಂಬಿಗೆ ಕೈಯಿಂದ ಬಿತ್ತು. ಅವಳು ಹೇಗೆ ಎದ್ದಳು, ಪಡಸಾಲೆ ಹೇಗೆ ದಾಟಿದಳು ಅವಳಿಗೇ ನೆನಪಿಲ್ಲ. ಕತ್ತಲ ಕೋಣೆ, ಅಜವಾನದ ಹೊಗೆ. ಮುದುಕಮ್ಮ ಚಾಚಿದ ಕಾಲಿನ ಮೇಲೆ ಎಣ್ಣೆ ಹೊಳೆಯುವ ಕೂಸು. ಅವರ ಉಂಗುರ ಬೆರಳಿನ ತುದಿ ಹಸಿರಾಗಿತ್ತು, ಆ ಬೆರಳು ಕೂಸಿನ ತುಟಿಯೊಳಗಿತ್ತು. ಪಾರಮ್ಮ ಆ ಕೈಗೆ ಹೊಡೆದಳು. ಗುಟ್ಟಿಯಿದ್ದ ಬೆಳ್ಳಿಯ ಒಳಲೆ ಟಣ್ಣೆಂದು ಗೋಡೆಗೆ ಉರುಳಿತು. ಸೆರಗನ್ನು ಬೆರಳಿಗೆ ಸುತ್ತಿ ಕೂಸಿನ ಬಾಯಿಗೆ ಹಾಕಿ ನಾಲಿಗೆ ಒರೆಸಿದಳು, ಇನ್ನೊಮ್ಮೆ ಒರೆಸಿದಳು. ಕೂಸು ಚಿಟ್ಟನೆ ಚೀರಿತು.

"ಏ ಹುಚ್ಚರಂಡಿ! ಮುಟ್ಟಿದಿ! ಕೂಸಿಗೆ ಏನ ಮಾಡಿದಿ!"

"ಎಷ್ಟ ಹಾಕೀರಿ? ಎಷ್ಟು ಹಾಕೀರಿ ಹೇಳ್ರಿ!" ಪಾರಮ್ಮನಿಗೆ ಬೈಗುಳ ಕೇಳಿಸಲೇ ಇಲ್ಲ.

"ಒಂದ ಬೆರಳು…" ಮುದುಕಮ್ಮನ ದನಿ ಈಗ ತುಸು ಸಣ್ಣದಾಯಿತು. "ಏನೈತಿ ಅದರಾಗ? ಯಾವ ವಿಷ? ಬಾಯಿ ಬಿಟ್ಟು ಹೆಸರ ಹೇಳ!"

ಪಾರಮ್ಮ ಸಾಣೇಕಲ್ಲಿನ ಮೇಲೆ ಉಳಿದ ಹಸಿರನ್ನು ಬೆರಳಿನಿಂದ ಬಳಿದು ತನ್ನ ನಾಲಿಗೆಗೆ ಇಟ್ಟುಕೊಂಡಳು. ತೇಯ್ದದ್ದು ಒಳ್ಳೆಯ ಎಲೆಯೇ ಇರಬಹುದೆಂಬ ಆಸೆ ಒಂದಿಷ್ಟು ಉಳಿದಿತ್ತು. ಮೊದಲು ಒಗರು, ಆಮೇಲೆ ನಾಲಿಗೆಯ ತುದಿ ಜೋಮು ಹಿಡಿಯಿತು. ಹಲ್ಲಿನಿಂದ ಕಚ್ಚಿದರೆ ನೋವಾಗಲಿಲ್ಲ.

"ಐತ್ರಿ," ಎಂದಳು. "ಅದರಾಗ ಐತಿ."

ಮೂಲೆಯ ಮಂಚದಿಂದ ಕಳಕಮ್ಮ ಇಳಿದು ಬಂದಳು. ಹದಿನೇಳರ ಹುಡುಗಿ. ಕೂಸನ್ನು ಅವ್ವನ ಕಾಲಿನ ಮೇಲಿನಿಂದ ಎತ್ತಿಕೊಂಡು, "ಹೆಂಗ ಗೊತ್ತಾಕೈತಿ?" ಎಂದು ಕೇಳಿದಳು.

"ಹಾಲ ಕುಡಸ್ರಿ. ಕಾರಿದ್ರ ಛಲೋ. ಮಕ್ಕೊಂತೈತ್ರಿ ಅದು… ದೀಪ ಹಚ್ಚೂ ಹೊತ್ತಿಗೆ ಎದ್ದರ ನಮ್ಮದು."

ಕೂಸು ಹಾಲು ಕುಡಿಯಿತು. ಒಂದು ಸಲ ಕಾರಿತು. ಪಾರಮ್ಮ ಆ ಕಾರಿದ ಹಾಲನ್ನು ಬೆಳಕಿಗೆ ಹಿಡಿದು ನೋಡಿದಳು. ಹಸಿರು ಇತ್ತೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಕೂಸು ಮಲಗಿತು. ಮಲಗಿಸಬಾರದೆಂದು ಅಂಗಾಲಿಗೆ ಚಿವುಟಿದರು, ಮುಖಕ್ಕೆ ನೀರು ಚಿಮುಕಿಸಿದರು. ತಿಂಗಳ ಕೂಸು ಮಲಗದೆ ಇನ್ನೇನು ಮಾಡೀತು? ಊರಿನ ವೈದ್ಯರೊಬ್ಬರನ್ನು ಕರೆಸಿದರು. ಅವರೂ ಯಾವ ವಿಷ ಎಂದರು. ಹೆಸರಿಲ್ಲ ಎಂದಾಗ, "ಹೆಸರು ಗೊತ್ತಿಲ್ಲದ್ದಕ್ಕ ನಾ ಏನಂತ ಕೊಡ್ಲಿ?" ಎಂದು ನಾಡಿ ಹಿಡಿದು ನೋಡಿ ಎದ್ದು ಹೋದರು.

ಪಾರಮ್ಮ ಬಾಣಂತಿ ಕೋಣೆಯ ಹೊಸ್ತಿಲಿನಲ್ಲೇ ಕೂತಿದ್ದಳು. ಯಾರೂ ಅವಳಿಗೆ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಸಂತೆ ಮುಗಿಸಿದ ಕಾಸೀಮಬೀ ಸುದ್ದಿ ಕೇಳಿ ಓಡಿ ಬಂದು ಬಳೆಯ ಬುಟ್ಟಿಯನ್ನು ಅಂಗಳದಲ್ಲಿಟ್ಟು, ಪಾರಮ್ಮನ ಪಕ್ಕ ಕೆಳಗೆ ಕೂತಳು.

"ನೀ ಹೋಗಕ್ಕ," ಎಂದಳು ಪಾರಮ್ಮ. "ಕೂಸಿಗೆ ಏನರ ಆದ್ರ ನನ್ನ ಹಿಡೀತಾರ."

"ಹೊತ್ಕೊಂಡ ಬಂದಾಕಿ ನಾನು. ನನ್ನೂ ಹಿಡೀಲಿ," ಎಂದು ಕಾಸೀಮಬೀ ಅವಳ ಕೈ ಹಿಡಿದುಕೊಂಡಳು.

ಇಬ್ಬರೂ ಕೂಸಿನ ಹೊಟ್ಟೆಯನ್ನು ನೋಡುತ್ತ ಕೂತರು. ಅದು ಏಳುತ್ತಿತ್ತು, ಇಳಿಯುತ್ತಿತ್ತು. ಒಮ್ಮೊಮ್ಮೆ ಇಳಿದದ್ದು ಏಳಲು ತಡವಾಗುತ್ತಿತ್ತು. ಆಗ ನಾಲ್ಕು ಹೆಂಗಸರೂ ಉಸಿರು ಹಿಡಿಯುತ್ತಿದ್ದರು. ಏನಾದರೂ ಆದರೆ ಗೋಣೆಪ್ಪನ ಕುರಿ, ಮನೆ, ಊರು ಎಲ್ಲ ಹೋಗುತ್ತದೆಂದು ಪಾರಮ್ಮನಿಗೆ ಗೊತ್ತಿತ್ತು. ಆದರೆ ಆ ಅಂಜಿಕೆ ಈಗ ಎಲ್ಲೋ ದೂರದಲ್ಲಿತ್ತು. ಅವಳ ಎದುರಿಗಿದ್ದದ್ದು ಹಿಡಿಯಷ್ಟು ಹೊಟ್ಟೆ ಮಾತ್ರ. ಅವಳು ಜೋಮು ಹಿಡಿದ ತನ್ನ ನಾಲಿಗೆಯ ತುದಿಯನ್ನು ಕಚ್ಚುತ್ತಿದ್ದಳು. ನನ್ನದು ಬಿಟ್ಟರೆ ಅದರದ್ದೂ ಬಿಟ್ಟೀತು ಎಂದು ಅವಳ ಲೆಕ್ಕ. ನೆರಳು ಅಂಗಳ ದಾಟಿತು. ನಾಲಿಗೆ ಜೋಮಾಗಿಯೇ ಇತ್ತು. ದನ ಮನೆಗೆ ಬಂದವು. ಮತ್ತೊಮ್ಮೆ ಕಚ್ಚಿದಳು, ಚುರುಕ್ಕೆಂದಿತು. ಬಾಯಲ್ಲಿ ರಕ್ತದ ಉಪ್ಪು.

"ಎಬ್ಬಸ್ರಿ!" ಎಂದು ಕೂಗಿದಳು. "ಈಗ ಎಬ್ಬಸ್ರಿ!"

ಕಳಕಮ್ಮ ಕೂಸಿನ ಅಂಗಾಲಿಗೆ ಬೆರಳಿನಿಂದ ಹೊಡೆದಳು. ಅಲುಗಲಿಲ್ಲ. ಇನ್ನೊಮ್ಮೆ ಜೋರಾಗಿ ಹೊಡೆದಳು. ಅಲುಗಲಿಲ್ಲ. ಮುದುಕಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಮೂರನೆಯ ಸಲ ಹೊಡೆದಾಗ ಕೂಸಿನ ಮುಖ ಕಿವುಚಿತು, ಬಾಯಿ ತೆರೆಯಿತು, ಆಮೇಲೆ ಬಂದ ಚೀರು ಬೀದಿಯ ತನಕ ಕೇಳಿತಂತೆ. ಪಾರಮ್ಮ ಹೊಸ್ತಿಲಿನ ಮೇಲೆ ತಲೆ ಇಟ್ಟು ಅತ್ತಳು.

ಮುದುಕಮ್ಮನಿಗೆ ಅಂಜಿಕೆ ಇಳಿದ ಮೇಲೆ ಸಿಟ್ಟು ಏರಿತು. "ನಾಳಿಂದ ಈ ಮನಿ ಅಂಗಳಾ ತುಳೀಬ್ಯಾಡ. ನಿನ್ನ ತೊಪ್ಪಲನೂ ಬ್ಯಾಡ, ನಿನ್ನ ಮಾರಿನೂ ಬ್ಯಾಡ."

"ಆತ್ರಿ ಅಮ್ಮಾರ," ಎಂದು ಪಾರಮ್ಮ ಎದ್ದಳು. ಎದ್ದವಳು ಹೋಗದೆ ನಿಂತಳು. "ಅದಕ್ಕ ಒಂದು ಹೆಸರ ಬೇಕ್ರಿ. ಹೆಸರಿದ್ದಿದ್ರ ಗಾಳೆಪ್ಪ ನಗತಿದ್ದಿಲ್ಲ. ನೀವೂ ನಗತಿದ್ದಿಲ್ಲ."

"ನಿನ್ನ ಹೆಸರ ಇಟ್ಟುಕೋ ಹೋಗ!" ಎಂದರು ಮುದುಕಮ್ಮ.

ಅದು 'ಹಾಳಾಗಿ ಹೋಗು' ಎನ್ನುವ ಹಾಗೆ ಬಂದ ಮಾತು. ಪಾರಮ್ಮ ಅದನ್ನು ಅಪ್ಪಣೆಯೆಂದು ತೆಗೆದುಕೊಂಡಳು. ಮರುದಿನದಿಂದ ಒಂದು ಕೈಯಲ್ಲಿ ಕೋಟೆ ತೊಪ್ಪಲು, ಇನ್ನೊಂದು ಕೈಯಲ್ಲಿ ಬೇರು ಸಮೇತ ಕಿತ್ತ ಆ ಗಿಡ ಹಿಡಿದು ಊರೂರು ತಿರುಗಿದಳು. ನೀರಿನ ಬಾವಿ, ಬೀಸುವ ಕಲ್ಲು, ಕಳೆ ತೆಗೆಯುವ ಹೊಲ, ಎಲ್ಲಿ ಹೆಂಗಸರು ಕೂಡಿದ್ದರೆ ಅಲ್ಲಿ ನಿಂತಳು. "ಇದು ಕೋಟಿ. ಇದು ಪಾರಮ್ಮನ ತೊಪ್ಪಲ. ಅಂಚು ನೆಟ್ಟಗಿದ್ರ ಮುಟ್ಟಬ್ಯಾಡ್ರಿ. ದುಂಡಗಿದ್ರೂ ಹೆಬ್ಬೆರಳ ಎಳದು ನೋಡ್ರಿ, ದಡಿ ಇಲ್ಲಂದ್ರ ಮುಟ್ಟಬ್ಯಾಡ್ರಿ." ಜನರ ಮುಂದೆ ಬಾಯಿ ತೆರೆಯಲು ಅವಳು ಅಂಜುತ್ತಿದ್ದಳು. ಆದರೂ ಹೇಳಿದಳು.

ಈ ಸುದ್ದಿ ಕಿವಿಗೆ ಬಿದ್ದ ದಿನ ಮಾತ್ರ ಗೋಣೆಪ್ಪ ಹೆಚ್ಚು ಮಾತಾಡಿದ. "ಹುಚ್ಚಿ, ನಾಳಿ ನಿನ್ನ ಹೆಸರ ತಗದು ಉಗುಳ್ತಾರ."

"ಉಗುಳ್ಳಿ ಬಿಡ್ರಿ. ಉಗುಳಿದ್ರ ಬಾಯಾಗಿಂದು ಹೊರಗ ಬೀಳತೈತಿ."

ಹಿರಿಯರ ಪದ್ಧತಿ ಮುರಿದದ್ದಕ್ಕೆ ಒಂದು ಹೊಸ ಅಂಜಿಕೆ ಅವಳ ಬೆನ್ನು ಹತ್ತಿತು. ಎಲ್ಲಿಯಾದರೂ ಎಳೆ ಸೊಸೆಯೊಬ್ಬಳು ತೀರಿಕೊಂಡಳೆಂದು ಸುದ್ದಿ ಬಂದರೆ ಪಾರಮ್ಮ ಅನ್ನ ಬಿಟ್ಟು ಕೂಡುತ್ತಿದ್ದಳು. ಜ್ವರ ಬಂದಿತ್ತು, ಬಾವಿಗೆ ಬಿದ್ದಳು ಎಂದು ಯಾರಾದರೂ ಹೇಳುವತನಕ ನೀರು ಕೂಡ ಕುಡಿಯುತ್ತಿರಲಿಲ್ಲ. ಅತ್ತೆಯ ಮಾತು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ನಲವತ್ತೆಂಟರ ಗಲಾಟೆಯಲ್ಲಿ ಲೂಟಿ ಮಾಡುವವರಿಗೆ ಅಂಜಿ ಊರಿಗೆ ಊರೇ ಗುಡ್ಡ ಹತ್ತಿ ಹನ್ನೊಂದು ದಿನ ಕಾಡಿನ ಸೊಪ್ಪು ಬೇಯಿಸಿ ತಿಂದಿತು. ಆಗ ಹೆಂಗಸರು ಒಬ್ಬರಿಗೊಬ್ಬರು, "ಏ, ಪಾರಮ್ಮನ್ನ ತಗದು ಒಗೀರಿ" ಎನ್ನುತ್ತ ಸೊಪ್ಪು ಆರಿಸುತ್ತಿದ್ದರು. ಅವಳು ಒಲೆಯ ಮುಂದೆ ಕೂತು ಅದನ್ನು ಕೇಳುತ್ತಿದ್ದಳು. ಆ ಹನ್ನೊಂದು ದಿನದಲ್ಲಿ ಸೊಪ್ಪಿನಿಂದ ಯಾರೂ ಸಾಯಲಿಲ್ಲ.

ಆಮೇಲಿನ ಎಳ್ಳಮವಾಸೆಗೆ ಸಾಹುಕಾರರ ಮನೆಯವರು ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಲು ಹಳ್ಳದ ಪಕ್ಕದ ತಮ್ಮ ಹೊಲಕ್ಕೆ ಬಂಡಿ ಕಟ್ಟಿಕೊಂಡು ಬಂದಿದ್ದರು. ಪಾರಮ್ಮ ಅವರ ಕಣ್ಣಿಗೆ ಬೀಳಬಾರದೆಂದು ದಂಡೆಯ ಕೆಳಗೆ ಕೂತು, ಹೆಸರಿಟ್ಟ ಆ ಗಿಡವನ್ನು ಒಂದೊಂದಾಗಿ ಕಿತ್ತು ಗುಡ್ಡೆ ಹಾಕುತ್ತಿದ್ದಳು. ಪ್ರತಿ ವರ್ಷ ಕೀಳುತ್ತಿದ್ದಳು, ಪ್ರತಿ ವರ್ಷ ಅದು ಬರುತ್ತಿತ್ತು. ಮೇಲಿನಿಂದ ಪುಟ್ಟ ಕಾಲಿನ ಸಪ್ಪಳ ಕೇಳಿತು. ನಾಲ್ಕು ವರ್ಷದ ಹುಡುಗಿ, ಕಾಲಲ್ಲಿ ಗೆಜ್ಜೆ. ಮುಖ ನೋಡಿದ ಕೂಡಲೇ ಪಾರಮ್ಮನಿಗೆ ಗುರುತು ಸಿಕ್ಕಿತು. ಕಳಕಮ್ಮನದೇ ಅಚ್ಚು.

ಹುಡುಗಿ ಅವಳ ಕೈಯನ್ನು ನೋಡಿ ಬೆಚ್ಚಿ ನಿಂತಿತು. "ಏ ಆಯೀ! ಅದು ಪಾರಮ್ಮನ ತೊಪ್ಪಲ! ಒಗಿ, ಒಗಿ! ಮುಟ್ಟಿದ್ರ ಸಾಯ್ತಿ!"

ಪಾರಮ್ಮ ಒಮ್ಮೆಲೆ ಕೈಯಲ್ಲಿದ್ದದ್ದನ್ನು ಒಗೆದಳು. "ಯಾರು ಹೇಳಿದ್ರವ್ವ ನಿನಗ?"

"ನಮ್ಮವ್ವ. ನಮ್ಮ ಅಜ್ಜಿನೂ ದಿನಾ ಹೇಳ್ತಾಳ." ಹುಡುಗಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಣ್ಣರಳಿಸಿ ನೋಡಿತು. "ನಿನ್ನ ಹೆಸರೇನು?"

ಹೇಳಿದರೆ ಈ ಕೂಸು ಅಂಜಿ ಓಡಿಹೋಗುತ್ತದೆಂದು ಪಾರಮ್ಮನಿಗೆ ಅಂಜಿಕೆಯಾಯಿತು.

"ನನಗ ಹೆಸರಿಲ್ಲವ್ವ," ಎಂದಳು.

"ಹೆಸರಿಲ್ಲದವರು ಇರ್ತಾರೇನು!" ಎಂದು ಹುಡುಗಿ ನಕ್ಕಿತು.

ಅದರ ತಲೆಯ ಮೇಲೆ ಒಮ್ಮೆ ಕೈ ಇಡಬೇಕೆನಿಸಿತು ಅವಳಿಗೆ. ಆದರೆ ಕೈಗೆ ಆ ಗಿಡದ ಹಾಲು ಹತ್ತಿತ್ತು. ಹಳ್ಳದ ನೀರಿಗೆ ಇಳಿದು ಮರಳು ಹಚ್ಚಿ ತಿಕ್ಕಿ ತಿಕ್ಕಿ ಮೂರು ಸಲ ತೊಳೆದುಕೊಂಡಳು. ತಿರುಗಿ ನೋಡುವಷ್ಟರಲ್ಲಿ ಹುಡುಗಿ ಗೆಜ್ಜೆ ಸಪ್ಪಳ ಮಾಡುತ್ತ ಅವರವ್ವನ ಕಡೆಗೆ ಓಡಿ ಹೋಗಿತ್ತು.